ಕೋಳಿಮೇವಿನ ಚೀಲವೂ ನಮ್ಮ ತೋಟದ ಹಳ್ಳವೂ

ಮಳೆಗಾಲ ಹಿಂದೆ ಸರಿದು ತೋಟದ ದಾರಿಗಳು ಗಟ್ಟಿಯಾಗುತ್ತಿದ್ದಂತೆ ಘಟ್ಟದ ಊರುಗಳಿಗೆ ಕೋಳಿಗೊಬ್ಬರದ ಲಾರಿಗಳು ಬರತೊಡಗುತ್ತವೆ. ಅಡಿಕೆ ತೋಟಕ್ಕೆ, ಕಾಫಿ ತೋಟಕ್ಕೆ, ಗೇಣಿಗೆ ಹಿಡಿದ ಶುಂಠಿ ಗದ್ದೆಗೆ ಚೀಲಚೀಲವಾಗಿ, ಕೆಲವೆಡೆ ರಾಶಿರಾಶಿಯಾಗಿ ಅದು ಇಳಿಯುತ್ತದೆ. ವಾಸನೆಯ ಬಗ್ಗೆ, ನೊಣಗಳ ಬಗ್ಗೆ ನೆರೆಹೊರೆಯವರಲ್ಲಿ ಮಾತಿಗೆ ಮಾತು ಬೆಳೆಯುವುದುಂಟು. ಆದರೆ ಆ ಗೊಬ್ಬರ ಗೊಬ್ಬರವಾಗುವ ಮುನ್ನ ಏನಾಗಿತ್ತು, ಕೋಳಿಯ ಹೊಟ್ಟೆಯೊಳಕ್ಕೆ ಯಾವ ಕಾಳು, ಯಾವ ಪುಡಿ, ಯಾವ ಔಷಧ ಹೋಗಿತ್ತು ಎಂದು ಕೇಳಿದವರು ವಿರಳ. ಹಸುವಿನ ಸಗಣಿಯ ವಿಚಾರದಲ್ಲಿ ಇಂಥ ಪ್ರಶ್ನೆ ನಮಗೆ ಬೇಕಾಗಿರಲಿಲ್ಲ. ಹಸು ಮೇಯ್ದದ್ದು ನಮ್ಮದೇ ಬ್ಯಾಣದ ಹುಲ್ಲು, ಅದರ ಕಾಲಡಿ ಹಾಸಿದ್ದು ನಮ್ಮದೇ ಸೊಪ್ಪಿನಬೆಟ್ಟದ ಸೊಪ್ಪು. ಕೋಳಿ ತಿಂದದ್ದು ಮಾತ್ರ ನಮ್ಮ ಕಣ್ಣಿಗೆ ಬೀಳದ ಸಂಗತಿ.

ಈ ಗೊಬ್ಬರಕ್ಕೆ ಇನ್ನೊಂದು ತುದಿಯಿದೆ, ಅದು ನಗರದಲ್ಲಿದೆ. ಬೆಂಗಳೂರಿನ ವಿಲ್ಸನ್ ಗಾರ್ಡನ್ನನ್ನೇ ತೆಗೆದುಕೊಳ್ಳೋಣ. ಲಾಲ್‌ಬಾಗಿಗೂ ಹೊಸೂರು ರಸ್ತೆಗೂ ಸಮೀಪದ ಈ ಹಳೆಯ ಬಡಾವಣೆಯ ಅಡ್ಡರಸ್ತೆಗಳ ಬಾಡಿಗೆ ಕೋಣೆಗಳಲ್ಲಿ ನಮ್ಮ ಊರುಗಳಿಂದ ಓದಲು, ದುಡಿಯಲು ಹೋದ ಹುಡುಗ ಹುಡುಗಿಯರೂ ಇದ್ದಾರೆ. ಭಾನುವಾರದ ಬೆಳಗ್ಗೆ ಅಲ್ಲಿನ ಕೋಳಿ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ. 'ವಿತ್ ಸ್ಕಿನ್', 'ಸ್ಕಿನ್‌ಲೆಸ್' ಎಂದು ದರ ಬರೆದ ಹಲಗೆಯ ಕೆಳಗೆ ಕಬ್ಬಿಣದ ಪಂಜರಗಳಲ್ಲಿ ಕುಳಿತ ಬ್ರಾಯ್ಲರ್ ಹಕ್ಕಿಗೆ ವಯಸ್ಸು ಆರು ವಾರದ ಆಸುಪಾಸು. ಅಷ್ಟರಲ್ಲಿ ಅದು ಎರಡು ಕಿಲೋ ದಾಟಿರುತ್ತದೆ. ಅದಕ್ಕಾಗಿ ಹೆಚ್ಚುಕಡಿಮೆ ಮೂರೂವರೆ ಕಿಲೋ ಮೇವು ತಿಂದಿರುತ್ತದೆ. ಮಾಂಸ ನಗರದ ಅಡುಗೆಮನೆಗೆ ಹೋಗುತ್ತದೆ, ಉಳಿದದ್ದು ಭತ್ತದ ಹೊಟ್ಟಿನೊಂದಿಗೆ ಬೆರೆತು ಘಟ್ಟ ಹತ್ತುತ್ತದೆ. ತಿನ್ನುವವರು ಅವರು, ಉಳಿಕೆಯ ವಾರಸುದಾರರು ನಾವು.

ವಿಲ್ಸನ್ ಗಾರ್ಡನ್ನಿಗೆ ಹೊಂದಿಕೊಂಡಂತಿರುವ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಿದೆ. ಭಾರತೀಯ ಕೃಷಿ ಸಂಶೋಧನಾ ಮಂಡಳಿಗೆ ಸೇರಿದ್ದು. ಯಾವ ವಲಯದ ಮೇವಿನಲ್ಲಿ ಯಾವ ಖನಿಜ ಕಡಿಮೆ, ಯಾವ ಕಿಣ್ವ ಯಾವ ಕಾಳನ್ನು ಜೀರ್ಣಿಸಲು ನೆರವಾಗುತ್ತದೆ ಎಂಬಂಥ ಪ್ರಶ್ನೆಗಳೇ ಅಲ್ಲಿನ ನಿತ್ಯದ ಕೆಲಸ. ನಗರದ ಉತ್ತರಕ್ಕೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ನಮ್ಮ ಹಿತ್ತಿಲುಗಳಿಗೂ ಬಂದ ಗಿರಿರಾಜ ಕೋಳಿ ಹುಟ್ಟಿದ್ದು ಅಲ್ಲಿ. ಅಂದರೆ ಕೋಳಿ ತಿನ್ನುವ ಕಾಳಿನ ಬಗ್ಗೆ ಬಲ್ಲವರಿಗೆ ನಮ್ಮ ರಾಜಧಾನಿಯಲ್ಲಿ ಕೊರತೆಯಿಲ್ಲ. ಅವರ ಅರಿವು ಘಟ್ಟದ ರೈತನ ಕಿವಿಗೆ ಬೀಳುವುದಿಲ್ಲ ಎಂಬುದಷ್ಟೇ ಕೊರತೆ.

ಈಗ ಕಾಳಿನ ಮಾತಿಗೆ ಬರೋಣ. ಹೆಸರಿನ ಗೊಂದಲವನ್ನು ಮೊದಲು ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಬರಿದೇ 'ಜೋಳ' ಎಂದರೆ ಅನೇಕರಿಗೆ ಮುಸುಕಿನ ಜೋಳ, ಅಂದರೆ ಮೆಕ್ಕೆಜೋಳ, ನೆನಪಾಗುತ್ತದೆ. ವಿಜಯಪುರ, ಕಲಬುರಗಿಯವರಿಗೆ ಜೋಳವೆಂದರೆ ರೊಟ್ಟಿಯ ಬಿಳಿಜೋಳ. ಮತ್ತೊಂದನ್ನು ಅವರು ಗೋವಿನಜೋಳ ಎನ್ನುತ್ತಾರೆ. ಈ ಲೇಖನದಲ್ಲಿ ಜೋಳವೆಂದರೆ ರೊಟ್ಟಿಯ ಜೋಳವೇ. ಇಂದು ಕೋಳಿಮೇವಿನ ಅರ್ಧಕ್ಕಿಂತ ಹೆಚ್ಚು ಪಾಲು ಮೆಕ್ಕೆಜೋಳ, ಅದರ ನಂತರ ಸೋಯಾ ಹಿಂಡಿ. ಉಳಿದ ಕೆಲವೇ ಶೇಕಡಾ ಭಾಗದಲ್ಲಿ ಖನಿಜ, ಜೀವಸತ್ವ, ಅಮೈನೋ ಆಮ್ಲ, ಕಿಣ್ವ, ಔಷಧಗಳೆಲ್ಲ ಸೇರಿರುತ್ತವೆ. ನಮ್ಮ ವಾದವೆಲ್ಲ ಇರುವುದು ಈ ಕೊನೆಯ ಸಣ್ಣ ಪಾಲಿನ ಮೇಲೆ.

ಮೆಕ್ಕೆಜೋಳದ ಜಾಗಕ್ಕೆ ಜೋಳವನ್ನು ತರಬಹುದೇ ಎಂಬ ಮಾತು ಮತ್ತೆ ಮತ್ತೆ ಏಳುವುದಕ್ಕೆ ಕಾರಣಗಳಿವೆ. ದಾವಣಗೆರೆ, ಹಾವೇರಿ, ಶಿಕಾರಿಪುರ, ಸೊರಬದವರೆಗೆ ಮೆಕ್ಕೆಜೋಳ ಹಬ್ಬಿ, ಅರೆಮಲೆನಾಡಿನ ಎಷ್ಟೋ ಹೊಲಗಳ ಬೆಳೆ ವೈವಿಧ್ಯವನ್ನು ನುಂಗಿತು. 2018ರ ಮೇ ತಿಂಗಳಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊಟ್ಟಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗ ಸೀಮೆಯ ಮೆಕ್ಕೆಜೋಳದ ಹೊಲದಲ್ಲಿ. ಗುರುತಿಸಿದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಅಲ್ಲಿಂದ ಮುಂದೆ ಕೀಟನಾಶಕದ ಸಿಂಪಡಣೆ ಎಷ್ಟು ಏರಿತೆಂಬುದನ್ನು ಆ ಕಡೆಯ ಓದುಗರಿಗೆ ಹೇಳಬೇಕಿಲ್ಲ. 2023ರ ಕೊನೆಯಲ್ಲಿ ಕಬ್ಬಿನ ರಸದಿಂದ ಎಥನಾಲ್ ತಯಾರಿಸುವುದಕ್ಕೆ ಕೇಂದ್ರ ಸರ್ಕಾರ ಕಡಿವಾಣ ಹಾಕಿದ ಮೇಲೆ ಮೆಕ್ಕೆಜೋಳ ಭಟ್ಟಿಗಳತ್ತ ಹರಿಯಿತು. 2024ರಲ್ಲಿ ಭಾರತ ರಫ್ತಿಗಿಂತ ಹೆಚ್ಚು ಮೆಕ್ಕೆಜೋಳವನ್ನು ಆಮದು ಮಾಡಿಕೊಳ್ಳಬೇಕಾಯಿತು. ಕೋಳಿ ಸಾಕಣೆದಾರರು ಬದಲಿ ಕಾಳಿನ ಹುಡುಕಾಟಕ್ಕೆ ಬಿದ್ದದ್ದು ಸಹಜ.

ಜೋಳಕ್ಕೂ ಇದು ಒಳ್ಳೆಯ ಕಾಲವೆಂದು ಕೆಲವರು ವಾದಿಸುತ್ತಾರೆ. 1970ರ ಸುಮಾರಿಗೆ ದೇಶದಲ್ಲಿ 1.7 ಕೋಟಿ ಹೆಕ್ಟೇರ್‌ನಲ್ಲಿದ್ದ ಜೋಳ ಇಂದು 40 ಲಕ್ಷ ಹೆಕ್ಟೇರ್‌ನ ಆಸುಪಾಸಿಗೆ ಕುಗ್ಗಿದೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ್ದೂ ಆಯಿತು, ಭಾಷಣಗಳೂ ಮುಗಿದವು. ಕೋಳಿಯಾದರೂ ಕೊಳ್ಳಲಿ, ಜೋಳ ಉಳಿಯಲಿ ಎಂಬುದು ಅವರ ವಾದ. ಆದರೆ ಬೆಲೆಯ ಲೆಕ್ಕವನ್ನು ನೋಡಬೇಕು. 2025-26ರ ಕನಿಷ್ಠ ಬೆಂಬಲ ಬೆಲೆಯಂತೆ ಕ್ವಿಂಟಲಿಗೆ ಮೆಕ್ಕೆಜೋಳ 2,400 ರೂಪಾಯಿ, ಹೈಬ್ರಿಡ್ ಜೋಳ 3,699, ಮಾಲ್ದಂಡಿ 3,749. ಇಷ್ಟು ಅಂತರವಿರುವಾಗ ಒಳ್ಳೆಯ ಹಿಂಗಾರಿ ಜೋಳವನ್ನು ಯಾವ ಮೇವಿನ ಗಿರಣಿಯೂ ಕೊಳ್ಳುವುದಿಲ್ಲ. ಕೊಳ್ಳಲೂ ಬಾರದು, ಅದು ಮನುಷ್ಯರ ಅನ್ನ. ಗಿರಣಿಗೆ ಹೋಗುವುದು ಬಹುಪಾಲು ಮುಂಗಾರಿ ಜೋಳ. ಅದರಲ್ಲೂ ತೆನೆ ಕಟ್ಟುವಾಗ ಮಳೆಗೆ ಸಿಕ್ಕು ಕಪ್ಪಿಟ್ಟು, ರೊಟ್ಟಿಗೆ ಬಾರದೆ ಅಗ್ಗಕ್ಕೆ ಇಳಿದ ಕಾಳು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದಬೇಕೆಂದು ಕೋರುತ್ತೇನೆ.

ಕಾಳಾಗಿ ಜೋಳ ಕೆಟ್ಟದ್ದಲ್ಲ. ಅದರ ಶಕ್ತಿ ಮೆಕ್ಕೆಜೋಳಕ್ಕಿಂತ ತುಸುವೇ ಕಡಿಮೆ, ಪ್ರೋಟೀನು ತುಸು ಹೆಚ್ಚು, ನೂರಕ್ಕೆ ಹತ್ತರ ಸುಮಾರು. ಎಳೆಯ ಜೋಳದ ದಂಟು ತಿಂದು ದನ ಸಾಯುವುದನ್ನು ಕಂಡವರು ಕಾಳಿನಲ್ಲೂ ಆ ಸಯನೈಡ್ ಇದೆಯೇನೋ ಎಂದು ಹೆದರುತ್ತಾರೆ. ಬಲಿತ ಕಾಳಿಗೆ ಆ ದೋಷವಿಲ್ಲ. ಇರುವ ತೊಡಕುಗಳು ಬೇರೆ.

ಮೊದಲನೆಯದು ಟ್ಯಾನಿನ್. ಅಡಿಕೆ ಬೇಯಿಸಿದ ಹಂಡೆಯ ಚೊಗರನ್ನು ಬಲ್ಲ ನಮಗೆ ಟ್ಯಾನಿನ್ ಎಂದರೇನೆಂದು ವಿವರಿಸಬೇಕಿಲ್ಲ. ಅದೇ ಒಗರು, ನಾಲಗೆಯನ್ನು ಹಿಡಿದು ನಿಲ್ಲಿಸುವ ಗುಣ. ಕೆಲವು ಕಂದುಬಣ್ಣದ ಜೋಳದ ತಳಿಗಳಲ್ಲಿ, ಕಾಳಿನ ಸಿಪ್ಪೆಯ ಅಡಿಯ ಪದರದಲ್ಲಿ ಅದು ತುಂಬಿರುತ್ತದೆ. ಹಕ್ಕಿಗಳು ತಿನ್ನದಿರಲೆಂದು ಆಫ್ರಿಕಾ, ಅಮೆರಿಕಗಳಲ್ಲಿ ಇಂಥ ತಳಿಗಳನ್ನು ಬೇಕೆಂದೇ ಬೆಳೆದವರಿದ್ದಾರೆ. ಹೊಲದ ಹಕ್ಕಿಗೆ ಒಲ್ಲದ್ದು ಗೂಡಿನ ಹಕ್ಕಿಗೂ ಒಗ್ಗದು. ಟ್ಯಾನಿನ್ ಪ್ರೋಟೀನನ್ನು ಕಟ್ಟಿಹಾಕುತ್ತದೆ, ಕೋಳಿ ತಿಂದರೂ ಮೈಗೆ ಹತ್ತುವುದಿಲ್ಲ. ಪೂರ್ವ ಆಫ್ರಿಕಾದ ಹೆಂಗಸರು ಇಂಥ ಕಾಳನ್ನು ಬೂದಿನೀರಿನಲ್ಲಿ ನೆನೆಸಿ ಒಗರು ತೆಗೆಯುತ್ತಾರೆ. ನಮ್ಮ ಬಿಳಿಜೋಳದಲ್ಲಿ ಟ್ಯಾನಿನ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ 'ಜೋಳದ ವಿಷ ತೆಗೆಯುವ ಪುಡಿ' ಎಂದು ಯಾರಾದರೂ ಮಾರಲು ಬಂದರೆ ನಮ್ಮ ಜೋಳಕ್ಕೆ ಅದರ ಅಗತ್ಯವೇನೆಂದು ಮೊದಲು ಕೇಳಬೇಕು. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣಕ್ಕೆ ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ ಕಾಳುಗಳನ್ನು ಕೆಲಹೊತ್ತು ನೆನೆಸಿದರೆ ಟ್ಯಾನಿನ್ ಪದರವುಳ್ಳ ಕಾಳು ಕಪ್ಪಾಗುತ್ತದೆ, ಇಲ್ಲದ್ದು ಬಿಳಿಯಾಗಿ ಉಳಿಯುತ್ತದೆ. ಅಧ್ಯಾಪಕರ ಕಣ್ಣಮುಂದೆ, ಕೈಗವಸು ತೊಟ್ಟು ಮಾಡಬೇಕಾದ ಕೆಲಸವಿದು.

ಎರಡನೆಯದು ಜೋಳದ ಪ್ರೋಟೀನಿನ ಸ್ವಭಾವ. ಅದರ ಮುಖ್ಯ ಪ್ರೋಟೀನು ಕಾಫಿರಿನ್ ಎಂಬುದು. ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಬಹಳ ಕಡಿಮೆ, ಲ್ಯೂಸಿನ್ ಬಹಳ ಹೆಚ್ಚು. ಇದು ಕೋಳಿಗಷ್ಟೇ ಸಂಬಂಧಿಸಿದ ಮಾತಲ್ಲ. ದಖ್ಖನಿನಲ್ಲಿ ಜೋಳವನ್ನೇ ಮುಖ್ಯ ಆಹಾರವಾಗಿ ಉಂಡ ಬಡವರಲ್ಲಿ ಪೆಲಾಗ್ರ ಎಂಬ ಚರ್ಮದ ಕಾಯಿಲೆ ಕಾಣುವುದಕ್ಕೆ ಈ ಲ್ಯೂಸಿನ್ ಕಾರಣವಿರಬಹುದೆಂದು 1960ರಲ್ಲಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ ಪ್ರತಿಪಾದಿಸಿದ್ದರು. ಕಾಫಿರಿನ್‌ನ ಮತ್ತೊಂದು ವಿಚಿತ್ರವೆಂದರೆ ನೀರಿನಲ್ಲಿ ಬೇಯಿಸಿದಾಗ ಅದು ಇನ್ನಷ್ಟು ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಉಗಿಯಲ್ಲಿ ಬೇಯಿಸಿ ಗುಳಿಗೆಯಾಗಿಸುವ ಕಾರ್ಖಾನೆಯ ಮೇವಿನಲ್ಲಿ ಇದೇ ಆಗುತ್ತದೆ. ಜೋಳವನ್ನು ಕೋಳಿಗೆ ಧಾರಾಳವಾಗಿ ತಿನ್ನಿಸುವ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪೀಟರ್ ಸೆಲ್ಲೆ ಮತ್ತು ಸಂಗಡಿಗರು ಈ ಹೆಣಿಗೆಯನ್ನು ಬಿಡಿಸಲು ಸೋಡಿಯಂ ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕವನ್ನು ಮೇವಿಗೆ ಬೆರೆಸಿ ವರ್ಷಗಟ್ಟಲೆ ಪ್ರಯೋಗ ನಡೆಸಿದ್ದಾರೆ. ಉತ್ತರ ಕರ್ನಾಟಕದ ಗೃಹಿಣಿ ಈ ಕೊರತೆಯನ್ನು ಬೇರೆ ದಾರಿಯಲ್ಲಿ ತುಂಬಿಸಿಕೊಂಡಿದ್ದಾಳೆ. ರೊಟ್ಟಿಯ ಜೊತೆಗೆ ಕಾಳುಪಲ್ಲೆ, ಶೇಂಗಾ ಹಿಂಡಿ, ಮೊಸರು. ಲೈಸಿನ್ ಇಲ್ಲದ ಕಾಳಿಗೆ ಲೈಸಿನ್ ತುಂಬಿದ ಬೇಳೆ. ಅವಳದ್ದೂ 'ಸೇರ್ಪಡೆ'ಯೇ. ಕೋಳಿಮೇವಿನಲ್ಲಿ ಸೋಯಾ ಹಿಂಡಿಯೂ ಕಾರ್ಖಾನೆಯಲ್ಲಿ ತಯಾರಾದ ಲೈಸಿನ್, ಮೆಥಿಯೊನಿನ್‌ಗಳೂ ಆ ಕೆಲಸವನ್ನು ಮಾಡುತ್ತವೆ. ಇವುಗಳಿಗೆ ನಮ್ಮ ವಿರೋಧವಿಲ್ಲ. ಅಳತೆಯಾಗಿ ಕೊಟ್ಟರೆ ಕೋಳಿ ಕಡಿಮೆ ಪ್ರೋಟೀನಿನಲ್ಲಿ ಬೆಳೆಯುತ್ತದೆ, ಹಿಕ್ಕೆಯಲ್ಲಿ ಹೊರಬೀಳುವ ಸಾರಜನಕವೂ ಅಮೋನಿಯಾದ ಘಾಟೂ ತಗ್ಗುತ್ತವೆ.

ಮೂರನೆಯದು ಫೈಟೇಟ್. ಘಟ್ಟದವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ವಿಷಯ ಇದು. ಕಾಳಿನಲ್ಲಿರುವ ರಂಜಕದ ಮೂರನೇ ಎರಡರಷ್ಟು ಭಾಗ ಫೈಟೇಟ್ ಎಂಬ ರೂಪದಲ್ಲಿ ಬಂಧಿಯಾಗಿರುತ್ತದೆ. ಅದನ್ನು ಒಡೆಯುವ ಕಿಣ್ವ ಕೋಳಿಯ ಕರುಳಿನಲ್ಲಿ ಸಾಲದಷ್ಟು. ಹೀಗಾಗಿ ಕಾಳಿನ ರಂಜಕ ಹಾಗೆಯೇ ಹಿಕ್ಕೆಯಾಗಿ ಹೋಗುತ್ತದೆ. ಕೋಳಿಯ ಮೂಳೆ ಬೆಳೆಯಲೆಂದು ಗಿರಣಿಯವನು ಹೊರಗಿನಿಂದ ಡೈಕ್ಯಾಲ್ಸಿಯಂ ಫಾಸ್ಫೇಟ್ ಸುರಿಯುತ್ತಾನೆ. ಅದರಲ್ಲೂ ಒಂದು ಪಾಲು ಹಿಕ್ಕೆಗೇ. ಆದ್ದರಿಂದಲೇ ಕೋಳಿಗೊಬ್ಬರದಲ್ಲಿ ರಂಜಕದ ಅಂಶ ಸುಮಾರು ಶೇಕಡಾ 2.6ರಷ್ಟಿದ್ದರೆ ಕೊಟ್ಟಿಗೆ ಗೊಬ್ಬರದಲ್ಲಿ 0.2ರಷ್ಟು. ಹನ್ನೆರಡು ಪಟ್ಟಿಗೂ ಹೆಚ್ಚು. ರೈತ ಇದನ್ನು 'ಜೋರು ಗೊಬ್ಬರ' ಎಂದು ಮೆಚ್ಚುತ್ತಾನೆ. ಆದರೆ ಆ ಜೋರೆಲ್ಲ ಗಿಡಕ್ಕೆ ಹೋಗುವುದಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಇಳಿಜಾರಿನಲ್ಲಿ ಮಣ್ಣಿನೊಡನೆ ಅದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ತುಂಗೆ, ಭದ್ರೆ, ಶರಾವತಿಗೆ ಹೋಗುತ್ತದೆ. ರಂಜಕ ಹೆಚ್ಚಾದ ನೀರು ಹೇಗೆ ಸಾಯುತ್ತದೆಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ವಿಲ್ಸನ್ ಗಾರ್ಡನ್, ಶಾಂತಿನಗರದ ಕಡೆಯ ಕೊಳಚೆ ಹರಿಯುವ ಕೋರಮಂಗಲ ಕಣಿವೆಯ ಕೊನೆಯಲ್ಲಿ ಬೆಳ್ಳಂದೂರು ಕೆರೆಯಿದೆ. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು, 2017ರಲ್ಲಿ ಕೆರೆಯಂಗಳವೇ ಹೊತ್ತಿ ಹೊಗೆಯಾಡಿತು. ಅಲ್ಲಿನ ರಂಜಕ ಕೋಳಿಯದಲ್ಲ, ಮಾರ್ಜಕದ್ದು ಮತ್ತು ಮಲದ್ದು. ನೀರಿಗೆ ಆ ಭೇದ ತಿಳಿಯುವುದಿಲ್ಲ.

ಈ ತೊಡಕಿಗೆ ಒಂದು ಸೇರ್ಪಡೆಯೇ ಉತ್ತರವಾಗಿದೆ. ಫೈಟೇಸ್ ಎಂಬ ಕಿಣ್ವ. ಸೂಕ್ಷ್ಮಜೀವಿಗಳಿಂದ ತಯಾರಿಸುವ ಇದು ಫೈಟೇಟನ್ನು ಒಡೆದು ರಂಜಕವನ್ನು ಕೋಳಿಗೆ ಒದಗಿಸುತ್ತದೆ. ಒಂದು ಟನ್ ಮೇವಿಗೆ ನೂರು ಗ್ರಾಂ ಆಸುಪಾಸು ಸಾಕು. ಇದು ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಹಂದಿ, ಕೋಳಿಗಳ ಗೊಬ್ಬರದಿಂದ ತನ್ನ ನೀರೆಲ್ಲ ಕೆಡುತ್ತಿರುವುದನ್ನು ಕಂಡ ಆ ಪುಟ್ಟ ದೇಶ ಗೊಬ್ಬರದ ಮೇಲೆ ಕಾನೂನು ಮಾಡಿತು. ಕಾನೂನಿನ ಒತ್ತಡದಿಂದ ಕಿಣ್ವಕ್ಕೆ ಬೇಡಿಕೆ ಹುಟ್ಟಿತು. ಈ ಕ್ರಮವನ್ನು ಗಮನಿಸಬೇಕು. ಮೊದಲು ನೀರಿನ ಕಾಳಜಿ, ಆಮೇಲೆ ತಂತ್ರಜ್ಞಾನ. ನಮ್ಮಲ್ಲಿ ಫೈಟೇಸ್ ಬಂದದ್ದು ಡೈಕ್ಯಾಲ್ಸಿಯಂ ಫಾಸ್ಫೇಟಿನ ಬೆಲೆಗೆ ಹೆದರಿ. ಬಂದದ್ದು ಒಳ್ಳೆಯದೇ. ಆದರೆ ಕಿಣ್ವ ಹಾಕಿ, ಹೊರಗಿನ ಫಾಸ್ಫೇಟನ್ನು ಆ ಪ್ರಮಾಣದಲ್ಲಿ ಇಳಿಸದಿದ್ದರೆ ಗೊಬ್ಬರದ ರಂಜಕ ಇಳಿಯುವುದಿಲ್ಲ. ಇಳಿಸಿದ್ದಾರೆಯೇ ಎಂಬುದನ್ನು ನಮಗೆ ಹೇಳಬೇಕಾದದ್ದು ಚೀಲದ ಮೇಲಿನ ಚೀಟಿ.

ಇಲ್ಲಿಯವರೆಗೆ ಹೇಳಿದ ಸೇರ್ಪಡೆಗಳು ಕಾಳಿನ ಕೊರತೆಯನ್ನು ತುಂಬುವಂಥವು. ಇನ್ನು ಹೇಳುವವು ಬೇರೆ ಜಾತಿಯವು. ಅವು ತುಂಬುವುದು ಸಾಕಣೆಯ ಕೊರತೆಯನ್ನು, ವ್ಯಾಪಾರದ ಕೊರತೆಯನ್ನು. ಯಾವುದೇ ಪುಡಿಯ ಬಗ್ಗೆ ತೀರ್ಪು ಕೊಡುವ ಮುನ್ನ ಅದು ಯಾರ ದೋಷವನ್ನು ಮುಚ್ಚುತ್ತಿದೆ ಎಂದು ಕೇಳಿಕೊಂಡರೆ ಅರ್ಧ ಗೊಂದಲ ನೀಗುತ್ತದೆ. ರಾಸಾಯನಿಕವೆಲ್ಲ ವಿಷ, ಗಿಡಮೂಲಿಕೆಯೆಲ್ಲ ಅಮೃತ ಎಂಬ ಮಾತು ನಮ್ಮ ಪರಿಸರ ಸಭೆಗಳಲ್ಲಿ ಕೇಳಿಬರುತ್ತದೆ. ಅದರಿಂದ ಕೆಲಸವಾಗದು.

ಬೂಷ್ಟು ಹಿಡಿದ ಜೋಳವನ್ನೇ ನೋಡಿ. ಮಳೆಗೆ ಸಿಕ್ಕ ತೆನೆಯಲ್ಲಿ ಬೆಳೆಯುವ ಶಿಲೀಂಧ್ರಗಳು ಫ್ಯುಮೊನಿಸಿನ್‌ನಂಥ ವಿಷಗಳನ್ನು ಬಿಡುತ್ತವೆ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದ ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ ಇದೇ ವಿಷವನ್ನು ಅದರಲ್ಲಿ ಕಂಡರು. ತಿಂದವರು ಬಡವರು, ಒಳ್ಳೆಯ ಕಾಳು ಕೊಳ್ಳಲಾರದೆ ಕೆಟ್ಟದ್ದನ್ನು ತಿಂದವರು. ಇಂಥ ಕಾಳು ಕೋಳಿಮೇವಿಗೆ ಹೋದಾಗ ಅದರೊಂದಿಗೆ 'ಟಾಕ್ಸಿನ್ ಬೈಂಡರ್' ಎಂಬ ಪುಡಿ ಹೋಗುತ್ತದೆ, ಬಹುಪಾಲು ಬೆಂಟೊನೈಟ್‌ನಂಥ ಜೇಡಿಮಣ್ಣು. ಕಡಲೆಕಾಯಿಯ ಅಫ್ಲಾಟಾಕ್ಸಿನ್ ವಿಷವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಬೇರೆ ವಿಷಗಳನ್ನು ಅಷ್ಟಾಗಿ ಹಿಡಿಯದು. ಜೇಡಿಮಣ್ಣಿನಿಂದ ಹಾನಿಯಿಲ್ಲ ನಿಜ. ಆದರೆ ಅದು ಕೆಟ್ಟ ಕಾಳಿಗೆ ಒಳಬರಲು ರಹದಾರಿಯಾಗುತ್ತಿದೆ. ಮುಂಗಾರಿ ಜೋಳಕ್ಕೆ ಒಣಗಿಸುವ ಅಂಗಳ, ಗಾಳಿಯಾಡುವ ಉಗ್ರಾಣ ಕೊಟ್ಟಿದ್ದರೆ ಈ ಪುಡಿಯ ಖರ್ಚು ಬೇಕಿತ್ತೇ?

ಬಣ್ಣದ ಮಾತೊಂದಿದೆ, ಚಿಕ್ಕದು. ಮೆಕ್ಕೆಜೋಳದ ಹಳದಿ ಜೋಳದಲ್ಲಿಲ್ಲ, ಆದ್ದರಿಂದ ಜೋಳ ತಿಂದ ಕೋಳಿಯ ಚರ್ಮ ಬಿಳಿಚಿಕೊಳ್ಳುತ್ತದೆ. ಅದಕ್ಕಾಗಿ ಬಣ್ಣದ ಪುಡಿಗಳಿವೆ. ಚರ್ಮ ಸುಲಿಸಿಕೊಂಡೇ ಒಯ್ಯುವ ಗಿರಾಕಿಗಳ ಊರಿನಲ್ಲಿ ಚರ್ಮಕ್ಕೆ ಬಣ್ಣವೇಕೋ ಅರ್ಥವಾಗದು.

ಪ್ರತಿಜೈವಿಕಗಳದ್ದು ಮಾತ್ರ ಚಿಕ್ಕ ಮಾತಲ್ಲ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬವರು ಆರಿಯೊಮೈಸಿನ್ ತಯಾರಿಸಿ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದವು. ಅಲ್ಲಿಂದ ರೋಗವಿಲ್ಲದ ಕೋಳಿಗೂ ದಿನನಿತ್ಯ ಔಷಧ ಕೊಡುವ ಪದ್ಧತಿ ಜಗತ್ತಿನಾದ್ಯಂತ ಹಬ್ಬಿತು. ಸ್ವೀಡನ್ 1986ರಲ್ಲಿಯೇ ಬೆಳವಣಿಗೆಗಾಗಿ ಪ್ರತಿಜೈವಿಕ ಬಳಸುವುದನ್ನು ನಿಷೇಧಿಸಿತು, ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ. ನಮ್ಮಲ್ಲಿ 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ರಾಜಧಾನಿ ಪ್ರದೇಶದ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತರಲ್ಲಿ ಪ್ರತಿಜೈವಿಕದ ಉಳಿಕೆಯಿತ್ತು. 2015ರ ಕೊನೆಯಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್ ಎಂಬ ಔಷಧವನ್ನು ಸೋಲಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ವಂಶವಾಹಿಯನ್ನು ಸಾಕುಪ್ರಾಣಿಗಳಲ್ಲಿಯೂ ಮಾಂಸದಲ್ಲಿಯೂ ಕಂಡರು. ಆಸ್ಪತ್ರೆಯಲ್ಲಿ ಬೇರಾವ ಔಷಧವೂ ನಾಟದಾಗ ವೈದ್ಯರು ಕೊನೆಗೆ ಕೈಹಾಕುವ ಔಷಧ ಅದು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಒಂದು ಔಷಧಕ್ಕೆ ಬಾಗಿಲು ಮುಚ್ಚಿತು. ಪದ್ಧತಿಯನ್ನು ಕೈಬಿಡಿಸುವುದು ಬೇರೆಯೇ ಕೆಲಸ.

ನಗರದವರು ಈ ವಿಷಯವನ್ನು ಮಾಂಸದಲ್ಲಿ ಉಳಿಯುವ ಔಷಧದ ಪ್ರಶ್ನೆಯಾಗಿ ನೋಡುತ್ತಾರೆ. ಮಾರುವುದಕ್ಕೆ ಕೆಲವು ದಿನ ಮುಂಚೆ ಔಷಧ ನಿಲ್ಲಿಸಿದರೆ ಅವರ ತಟ್ಟೆ ಶುದ್ಧವಾಗುತ್ತದೆ. ಆದರೆ ಹಿಂದಿನ ನಾಲ್ಕೈದು ವಾರಗಳ ಹಿಕ್ಕೆ ಎಲ್ಲಿ ಹೋಯಿತು? ಕೊಟ್ಟ ಔಷಧದ ಗಣನೀಯ ಭಾಗ ಕೋಳಿಯ ದೇಹದಿಂದ ಹಾಗೆಯೇ ಹೊರಬರುತ್ತದೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ ಅದರೊಡನೆ ಬರುತ್ತವೆ. ಅವೆಲ್ಲ ಬಂದು ಸೇರುವುದು ಬರಿಗಾಲಿನಲ್ಲಿ ಗೊಬ್ಬರ ಹರಡುವ ಕೂಲಿಯವಳ ಮೈಗೆ, ತೋಟದ ಬಾವಿಗೆ. ಮಾಂಸದ ಗುಣಮಟ್ಟದ ನಿಯಮಗಳಲ್ಲಿ ಅವಳಿಗೆ ಜಾಗವಿಲ್ಲ.

ತಾಮ್ರದ ಕಥೆಯೂ ಹೀಗೆಯೇ, ಆದರೆ ಇದು ಇನ್ನಷ್ಟು ನಮ್ಮದು. ಕೋಳಿಯ ದೇಹಕ್ಕೆ ಒಂದು ಕಿಲೋ ಮೇವಿನಲ್ಲಿ 8 ಮಿಲಿಗ್ರಾಂ ತಾಮ್ರ ಸಾಕು. ಐರೋಪ್ಯ ಒಕ್ಕೂಟ 25ರ ಮಿತಿ ಹಾಕಿದೆ. ಕರುಳಿನ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕಿ ಬೆಳವಣಿಗೆ ಹೆಚ್ಚಿಸಲು 125 ಮಿಲಿಗ್ರಾಂ ಅಥವಾ ಅದಕ್ಕೂ ಮೇಲೆ ಕೊಡುವ ಪದ್ಧತಿಯೂ ಜಗತ್ತಿನಲ್ಲಿ ನಡೆದುಬಂದಿದೆ. ಅಷ್ಟು ಕೊಟ್ಟರೆ ಏನಾಗುತ್ತದೆ ಎಂದು ನಮ್ಮದೇ ಲೆಕ್ಕ ಹಾಕೋಣ. ಹತ್ತು ಸಾವಿರ ಕೋಳಿಗಳ ಒಂದು ಶೆಡ್ಡು ಒಂದು ತಂಡಕ್ಕೆ 35 ಟನ್ ಮೇವು ತಿನ್ನುತ್ತದೆ. ಅದರಲ್ಲಿ ನಾಲ್ಕು ಕಿಲೋಗೂ ಹೆಚ್ಚು ತಾಮ್ರ. ಅಂದರೆ ಹದಿನೇಳು ಕಿಲೋ ಮೈಲುತುತ್ತ. ಬಹುಪಾಲು ಹಿಕ್ಕೆಯಲ್ಲೇ ಇಳಿಯುತ್ತದೆ. ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು 1,700 ಲೀಟರ್ ಮಾಡಲು ಸಾಕಾಗುವಷ್ಟು ಅದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ಮದ್ದನ್ನು ಹೇಳಿಕೊಟ್ಟಂದಿನಿಂದ ನಮ್ಮ ಅಡಿಕೆ ತೋಟಗಳು ನೂರು ವರ್ಷ ತಾಮ್ರವನ್ನು ಕುಡಿದಿವೆ. ಕೊಳೆಯಿಂದ ಬೆಳೆ ಉಳಿಸಿಕೊಳ್ಳಲು ಅದು ಬೇಕಾಗಿತ್ತು, ಈಗಲೂ ಬೇಕು. ಆದರೆ ಅದರ ಮೇಲೆ ಕೋಳಿಗೊಬ್ಬರದಲ್ಲಿ ಅಡಗಿ ಬರುವ ತಾಮ್ರವನ್ನೂ ಮಣ್ಣು ಹೊರಬೇಕೇ? ತಾಮ್ರ ಕೊಳೆಯುವ ವಸ್ತುವಲ್ಲ. ಎರೆಹುಳು ಇರುವ ಮಣ್ಣಿಗೆ ಅದು ಸೇರುತ್ತಲೇ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಕೋಳಿ ಸಾಕುವ ರೈತನ ಪರವಾಗಿಯೂ ಒಂದು ಮಾತು ಹೇಳಬೇಕು. ಗುತ್ತಿಗೆ ಪದ್ಧತಿಯಲ್ಲಿ ಮರಿ, ಮೇವು, ಔಷಧ ಎಲ್ಲವೂ ಕಂಪನಿಯದು. ಶೆಡ್ಡು, ದುಡಿಮೆ, ಸಾಲ ರೈತನದು. ತನ್ನ ಶೆಡ್ಡಿಗೆ ಬಂದ ಚೀಲದಲ್ಲಿ ಏನಿದೆಯೆಂದು ತಿಳಿಯುವ ಹಕ್ಕು ಅವನಿಗೇ ಇಲ್ಲದಿರುವಾಗ ಅವನನ್ನು ದೂರುವುದು ಅನ್ಯಾಯ. ಕೋಳಿ ಬಡವರಿಗೂ ಎಟುಕುವ ಮಾಂಸ ಎಂಬುದನ್ನೂ ಮರೆಯಬಾರದು. ಊರೆಲ್ಲ ನಾಟಿಕೋಳಿಗೆ ಮರಳಬೇಕೆಂದು ಬರೆಯುವುದು ಸುಲಭ. ವಿಲ್ಸನ್ ಗಾರ್ಡನ್ನಿನ ಕೋಣೆಯಲ್ಲಿ ನಾಲ್ವರು ಕೂಡಿ ಅಡುಗೆ ಮಾಡಿಕೊಳ್ಳುವ ನಮ್ಮ ಹುಡುಗರಿಗೆ ಅದರ ಬೆಲೆ ಎಟುಕುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಚೀಲದಿಂದ ಶುರುವಾಗಬೇಕು. ಕಚ್ಚಾ ಪ್ರೋಟೀನು ಎಷ್ಟು, ನಾರು ಎಷ್ಟು, ತೇವಾಂಶ ಎಷ್ಟು ಎಂದು ಚೀಲದ ಮೇಲೆ ಬರೆಯುವವರು ಒಳಗಿನ ಕಾಳು ಯಾವುದು, ಬೆರೆಸಿದ ಕಿಣ್ವ, ಔಷಧ ಯಾವುವು, ತಾಮ್ರ, ಸತು, ಒಟ್ಟು ರಂಜಕ ಎಷ್ಟು ಎಂಬುದನ್ನೂ ಕನ್ನಡದಲ್ಲಿ ಬರೆಯಲಿ. ಗೊಬ್ಬರ ತರುವ ಲಾರಿಯವನು ಅದು ಯಾವ ಊರಿನ ಶೆಡ್ಡಿನದೆಂದು ತಿಳಿಸುವ ಚೀಟಿಯಿಲ್ಲದೆ ನಮ್ಮ ಪಂಚಾಯಿತಿಯ ಗಡಿ ದಾಟಬಾರದೆಂದು ಗ್ರಾಮಸಭೆ ನಿರ್ಣಯ ಮಾಡಲಿ. ನಿರ್ಣಯಕ್ಕೆ ಕಾನೂನಿನ ಬಲವೆಷ್ಟು ಎಂಬ ಪ್ರಶ್ನೆ ಬರುತ್ತದೆ, ಬರಲಿ. ಕೊಳ್ಳುವವರು ನಾವು, ಚೀಟಿಯಿಲ್ಲದ ಗೊಬ್ಬರವನ್ನು ಕೊಳ್ಳದಿರಲು ಯಾವ ಕಾನೂನೂ ಬೇಕಿಲ್ಲ. ಆಡುಗೋಡಿಯ ಸಂಸ್ಥೆಯವರು ಮತ್ತು ಹೆಬ್ಬಾಳದವರು ಜೋಳದ ಮೇವಿಗೆ ಯಾವ ಸೇರ್ಪಡೆ ನಿಜವಾಗಿ ಬೇಕು, ಯಾವುದು ಬೇಡ ಎಂಬುದನ್ನು ನಾಲ್ಕು ಪುಟದ ಕನ್ನಡ ಕಿರುಹೊತ್ತಗೆಯಾಗಿ ತರಬೇಕೆಂದು ನಾವು ಕೇಳಬೇಕು. ವಿಲ್ಸನ್ ಗಾರ್ಡನ್ನಿನ ಸುತ್ತ ಇರುವ ನಮ್ಮ ವಿದ್ಯಾರ್ಥಿಗಳಿಗೆ ಆಡುಗೋಡಿ ಕಾಲ್ನಡಿಗೆಯ ದೂರ. ಅರ್ಜಿಯನ್ನು ಅವರೇ ಒಯ್ದು ಕೊಡಬಹುದು.

ಅದೆಲ್ಲ ಆಗುವವರೆಗೆ ತೋಟದಲ್ಲಿ ಮಾಡಬಹುದಾದದ್ದು ಇಷ್ಟು. ಹಸಿ ಕೋಳಿಗೊಬ್ಬರವನ್ನು ಲಾರಿಯಿಂದ ಇಳಿಸಿದ ಕೂಡಲೇ ಬುಡಕ್ಕೆ ಹಾಕಬೇಡಿ. ಸೊಪ್ಪು, ದರಗಿನೊಡನೆ ಪದರಪದರವಾಗಿ ಒಟ್ಟಿ, ಮಳೆ ತಾಗದಂತೆ ಮುಚ್ಚಿ, ನಡುನಡುವೆ ತಿರುವಿಹಾಕಿ ಮೂರು ನಾಲ್ಕು ತಿಂಗಳು ಕಳಿಸಿ. ರಾಶಿಯ ಒಳಬಿಸಿಗೆ ರೋಗಾಣುಗಳು ಸಾಯುತ್ತವೆ, ಅನೇಕ ಪ್ರತಿಜೈವಿಕಗಳು ಬಹುಮಟ್ಟಿಗೆ ಕರಗುತ್ತವೆ, ನೊಣದ ಕಾಟವೂ ತಪ್ಪುತ್ತದೆ. ಹಳ್ಳದ ದಂಡೆಯಲ್ಲಿ, ಬಾವಿಯ ಮೇಲ್ಗಡೆಯ ಇಳಿಜಾರಿನಲ್ಲಿ ರಾಶಿ ಹಾಕಬಾರದು. ಮುಂಗಾರಿಗೆ ಮುಂಚಿನ ವಾರಗಳಲ್ಲಂತೂ ಹರಡಲೇಬಾರದು. ತಾಮ್ರ, ಸತು, ರಂಜಕಗಳು ಕಳಿಸುವುದರಿಂದ ಹೋಗುವುದಿಲ್ಲ. ಅವುಗಳಿಗೆ ಮಣ್ಣು ಪರೀಕ್ಷೆಯೊಂದೇ ದಾರಿ. ಮೂಡಿಗೆರೆ, ಶಿರಸಿ, ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರಗಳಿಗೆ ಮಣ್ಣು ಒಯ್ಯುವಾಗ ಸಾರಜನಕ, ಪೊಟ್ಯಾಷ್ ಜೊತೆಗೆ ತಾಮ್ರವನ್ನೂ ನೋಡಿಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ರಂಜಕ ಈಗಾಗಲೇ 'ಅಧಿಕ' ಎಂದು ಬಂದ ತೋಟಕ್ಕೆ ಮುಂದಿನ ಎರಡು ಮೂರು ವರ್ಷ ಕೋಳಿಗೊಬ್ಬರ ಬೇಡ, ಕೊಟ್ಟಿಗೆಯ ಗೊಬ್ಬರವೇ ಸಾಕು.